ಐವತ್ತು ದಿನ ಓಡಲಿ, ಆಮೇಲೆ ಪ್ರಾಜೆಕ್ಟ್ ಅನ್ನಿ

ವಾರಕ್ಕೊಬ್ರಾದ್ರೂ ಇನ್‌ಬಾಕ್ಸಿಗೆ ಬಂದು ಕೇಳ್ತಾರೆ, "ಸಾರ್, ಒಂದು ಬೋರ್ಡ್ ತಗೊಂಡಿದೀನಿ, ಎಲ್‌ಇಡಿ ಮಿನುಗಿಸಿದ್ದಾಯ್ತು, ಮುಂದೆ ಏನ್ ಮಾಡ್ಲಿ, ಒಳ್ಳೆ ಐಡಿಯಾ ಇದ್ರೆ ಹೇಳಿ" ಅಂತ. ಬೋರ್ಡ್ ಅಂದ್ರೆ ಆರ್ಡುಯಿನೊ ಥರದ್ದು, ನಾವು ಬರೆದ ಕೋಡ್ ಪ್ರಕಾರ ದೀಪ, ಮೋಟರ್, ಸೆನ್ಸರ್ ನೋಡ್ಕೊಳ್ಳೋ ಪುಟ್ಟ ಕಂಪ್ಯೂಟರ್. ಒಬ್ಬೊಬ್ರಿಗೇ ಟೈಪ್ ಮಾಡಿ ಮಾಡಿ ಸಾಕಾಗಿದೆ, ಇಲ್ಲೇ ಒಂದ್ಸಲ ಎಲ್ಲಾ ಹೇಳಿ ಕೈ ತೊಳ್ಕೊತೀನಿ. ಉದ್ದ ಇದೆ, ಪುರುಸೊತ್ತಿದ್ರೆ ಓದಿ.

ಮೊದಲು ನನ್ನ ತಕರಾರು. "ನೂರು ಪ್ರಾಜೆಕ್ಟ್ ಐಡಿಯಾ" ಅಂತ ಪಟ್ಟಿಗಳು ಸಿಗ್ತಾವಲ್ಲ, ಗೆರೆ ಹಿಡಿದು ಓಡೋ ರೋಬೋ, ಚಪ್ಪಾಳೆ ತಟ್ಟಿದ್ರೆ ಹತ್ಕೊಳ್ಳೋ ಬಲ್ಬು, ಗೋಡೆ ಬಂದ್ರೆ ತಿರುಗೋ ಗಾಡಿ, ಅವನ್ನೆಲ್ಲ ನಾನೂ ಮಾಡಿದೀನಿ, ಮಜಾನೂ ಬಂದಿದೆ, ಸುಳ್ಳು ಹೇಳಲ್ಲ. ಆದ್ರೆ ನಮ್ಮನೇಲಿ ಆ ಗಾಡಿ ಓಡಿದ್ದು ಮೂರು ದಿನ. ನಾಲ್ಕನೇ ದಿನ ಅದರ ಸೆಲ್ಲು ಟಿವಿ ರಿಮೋಟಿಗೆ ಹೋಯ್ತು, ವಾರ ಕಳೆಯೋದ್ರೊಳಗೆ ಮೋಟರ್ ಇನ್ಯಾವುದಕ್ಕೋ ಕಿತ್ಕೊಂಡೆ, ಯಾರೂ "ಎಲ್ಲಿ ಹೋಯ್ತು ಅದು" ಅಂತ ಕೇಳ್ಲೇ ಇಲ್ಲ. ಅಲ್ಲೇ ಇರೋದು ವಿಷಯ. ಯಾರೂ ಕೇಳದೇ ಇರೋದು ಪ್ರಾಜೆಕ್ಟ್ ಅಲ್ಲ, ಅಭ್ಯಾಸ. ಅಭ್ಯಾಸ ಬೇಕು, ಆದ್ರೆ ನೂರು ಬೇಡ, ಮೂರು ಸಾಕು.

ಈಗ ನಾನು ಇಟ್ಕೊಂಡಿರೋ ನಿಯಮ ಒಂದೇ. ಮಾಡಿದ್ದನ್ನ ಮುಟ್ಟದೇ 50 ದಿನ ಓಡಿಸ್ಬೇಕು. ನಲವತ್ತು ಯಾಕಲ್ಲ, ನೂರು ಯಾಕಲ್ಲ ಅಂತೀರಾ? ಅದಕ್ಕೊಂದು ಕಥೆ ಇದೆ.

ಕಿಟಕಿ ಹತ್ರ ಇದ್ದ ಕುಂಡಗಳಿಗೆ ನೀರು ಹಾಕೋಕೆ ಅಂತ ಒಂದು ಆರ್ಡುಯಿನೊ ಯೂನೊ ಆರ್3 ಬೋರ್ಡ್, ಪಂಪಿನ ಕರೆಂಟ್ ಆನ್ ಆಫ್ ಮಾಡೋಕೆ ರಿಲೇ ಅನ್ನೋ ಸ್ವಿಚ್ಚು, ಚಿಕ್ಕ ಪಂಪು, ಕೆಳಗೊಂದು ಬಕೆಟ್ ಇಟ್ಟಿದ್ದೆ. 12 ಗಂಟೆಗೊಂದ್ಸಲ 8 ಸೆಕೆಂಡ್ ನೀರು, ಅಷ್ಟೇ ಕೆಲಸ. ಒಂದೂವರೆ ತಿಂಗಳು ಚಿನ್ನದಂಗೆ ಓಡ್ತು, ನಾನೂ ಕಂಡೋರ್ಗೆಲ್ಲ ತೋರಿಸಿ ಬೀಗಿದ್ದಾಯ್ತು. ಒಂದಿನ ಎಲ್ರೂ ಹೊರಗಡೆ ಹೋಗಿ ರಾತ್ರಿ ಹತ್ತಕ್ಕೆ ಬಂದು ಬಾಗಿಲು ತೆಗೆದ್ರೆ ಹಾಲ್ ತುಂಬಾ ನೀರು, ಕುಂಡದ ಮಣ್ಣೆಲ್ಲ ಕದಡಿ ಸೋಫಾ ಕೆಳಗೆ ಹೋಗಿದೆ, ಬಕೆಟ್ ಖಾಲಿ, ಪಂಪು ಮಾತ್ರ ಒಣಗಿದ ಗಂಟಲಲ್ಲಿ ಗುರ್ ಅಂತಲೇ ಇದೆ. ಅಮ್ಮ ಚಪ್ಪಲಿ ಕೂಡ ಬಿಡದೆ ಅಲ್ಲೇ ನಿಂತು, "ಗಿಡಕ್ಕೆ ನೀರು ಹಾಕೋ ಅಂದ್ರೆ ಮನೆನೇ ತೊಳೆದಿಟ್ಟಿದ್ಯಲ್ಲೋ ನಿನ್ನ ಮೆಷೀನು" ಅಂದ್ರು. ಪ್ಲಗ್ ಕಿತ್ತೆ. ರಿಲೇ ಅಂಟ್ಕೊಂಡಿರ್ಬೇಕು ಅಂತ ಹೊಸ ರಿಲೇ ಹಾಕಿದೆ, ಪಂಪೂ ಸುಟ್ಟಿತ್ತು, ಅದೂ ಹೊಸದು. ಮತ್ತೆ ಒಂದೂವರೆ ತಿಂಗಳು ಸಲೀಸು. ಮತ್ತೆ ಪ್ರವಾಹ! ಈ ಸಲ ಮನೇಲಿದ್ದೆ, ಎರಡನೇ ನಿಮಿಷಕ್ಕೇ ಪ್ಲಗ್ ಕಿತ್ತೆ, ಕ್ಯಾಲೆಂಡರ್ ಹಿಡ್ಕೊಂಡು ಕೂತು ಎಣಿಸಿದ್ರೆ ಎರಡು ಸಲವೂ 49ನೇ ದಿನ.

ರಿಲೇ ಪಾಪ ಏನೂ ಮಾಡಿರ್ಲಿಲ್ಲ, ತಪ್ಪು ನನ್ನ ಕೋಡಿಂದು. ನೀರು ಹಾಕಿದ ತಕ್ಷಣ ಈಗಿನ ಟೈಮಿಗೆ 12 ಗಂಟೆ ಕೂಡಿಸಿ "ಮುಂದಿನ ಪಾಳಿ" ಅಂತ ಬರೆದಿಟ್ಕೊಳ್ಳೋದು, ಟೈಮು ಆ ಪಾಳಿ ದಾಟಿದ್ರೆ ಪಂಪ್ ಆನ್. ಓದೋಕೆ ಎಷ್ಟು ಸರಿ ಇದೆ ಅಲ್ವಾ? ಆದ್ರೆ ಬೋರ್ಡ್ ಆನ್ ಆದಾಗಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ ಎಣಿಸೋ ‘ಮಿಲಿಸ್’ ಇದೆಯಲ್ಲ, ಅದು 32 ಬಿಟ್ ಸಂಖ್ಯೆ, 429 ಕೋಟಿ ಚಿಲ್ಲರೆಗೆ ಬಂದ್ರೆ ಹಳೇ ಸ್ಕೂಟರ್ ಮೀಟರ್ ಥರ ಮತ್ತೆ ಸೊನ್ನೆಯಿಂದ ಶುರು. ಅಂದ್ರೆ 49 ದಿನ 17 ಗಂಟೆ 2 ನಿಮಿಷಕ್ಕೆ. ನನ್ನ ಬೋರ್ಡು 49 ದಿನ 12 ಗಂಟೆಗೆ ನೀರು ಹಾಕಿ ಮುಂದಿನ ಪಾಳಿ ಲೆಕ್ಕ ಹಾಕ್ತು, ಮೊತ್ತ ಮಿತಿ ದಾಟಿ ಸುತ್ತಿ ಬಂದು ಬರೀ 7 ಗಂಟೆ ಆಗೋಯ್ತು. ಈಗಿನ ಟೈಮು 49 ದಿನ, ಪಾಳಿ 7 ಗಂಟೆ, ಹಾಗಾದ್ರೆ ಪಾಳಿ ದಾಟಿದೆ, ಹಾಕು ನೀರು. ಮತ್ತೆ ಲೆಕ್ಕ, ಮತ್ತೆ ಅದೇ ಕಥೆ, ಮತ್ತೆ ನೀರು. ತಮಾಷೆ ಏನಂದ್ರೆ ನಾನು ಪ್ಲಗ್ ಕೀಳದೇ ಇದ್ದಿದ್ರೆ ಐದು ಗಂಟೆ ಹೀಗೆ ಆಡಿ, ಎಣಿಕೆನೂ ಸೊನ್ನೆಗೆ ಬಂದ್ಮೇಲೆ ತಾನಾಗೇ ಸರಿಹೋಗ್ತಿತ್ತು, ನಾವು ದೆವ್ವ ಅನ್ಕೊಂಡು ಸುಮ್ನಾಗ್ತಿದ್ವಿ. ಇಷ್ಟಕ್ಕೂ ಪರಿಹಾರ ಒಂದೇ ಸಾಲು. ಕೂಡೋ ಬದಲು ಕಳೀಬೇಕಿತ್ತು. ಈಗಿನ ಎಣಿಕೆಯಲ್ಲಿ ಹಿಂದಿನ ಸಲ ನೀರು ಹಾಕಿದಾಗಿನ ಎಣಿಕೆ ಕಳೆದು, ಉತ್ತರ 12 ಗಂಟೆ ದಾಟಿದ್ಯಾ ನೋಡೋದು. ಎರಡೂ ‘ಅನ್‌ಸೈನ್ಡ್ ಲಾಂಗ್’ (ಮೈನಸ್ ಇಲ್ಲದ 32 ಬಿಟ್ ಸಂಖ್ಯೆ) ಆಗಿದ್ರೆ ಮೀಟರ್ ಎಷ್ಟ್ ಸಲ ಸುತ್ತಿದ್ರೂ ಉತ್ತರ ಸರಿ ಬರುತ್ತೆ.

ಅದೇ ಪ್ರಾಜೆಕ್ಟಲ್ಲಿ ಇನ್ನೊಂದು ವಿಷಯಾನೂ ಗೊತ್ತಾಯ್ತು. ಬೆಳಗ್ಗೆ ಆರಕ್ಕೆ ಶುರುವಾದ ಪಾಳಿ ಒಂದೂವರೆ ತಿಂಗಳಲ್ಲಿ ಜಾರಿ ಜಾರಿ ಏಳೂವರೆಗೆ ಬಂದಿತ್ತು. ಯಾಕಂದ್ರೆ ಯೂನೊದಲ್ಲಿ ಕೋಡ್ ಓಡಿಸೋ ಮುಖ್ಯ ಚಿಪ್ಪಿಗೆ ತಾಳ ಹಾಕೋದು ಕರಾರುವಾಕ್ಕಾದ ಕ್ರಿಸ್ಟಲ್ ಅಲ್ಲ, ಅಷ್ಟು ನಿಖರ ಇಲ್ಲದ ಸೆರಾಮಿಕ್ ರೆಸೊನೇಟರ್. ಅದರ ತಪ್ಪು ನೂರಕ್ಕೆ ಅರ್ಧದವರೆಗೂ ಇರಬಹುದು, ಅಂದ್ರೆ ಹೆಚ್ಚೆಂದ್ರೆ ದಿನಕ್ಕೆ 7 ನಿಮಿಷ. ಟೈಮು ಮುಖ್ಯ ಅನ್ನೋ ಕೆಲಸಕ್ಕೆ ಡಿಎಸ್3231 ಅನ್ನೋ ಗಡಿಯಾರದ ಮಾಡ್ಯೂಲ್ ಹಾಕಿ, ಮನೆಯೊಳಗಿನ ಬಿಸಿ ತಂಪಲ್ಲಿ ವರ್ಷಕ್ಕೆ ಒಂದು ನಿಮಿಷ ಹೆಚ್ಚುಕಮ್ಮಿ ಆಗ್ಬಹುದು, ಅಷ್ಟೇ. ಇವೆಲ್ಲ ಮೂರು ದಿನದ ಗಾಡಿ ಕಲಿಸಲ್ಲ ನೋಡಿ.

ಸರಿ, ಐಡಿಯಾ ಎಲ್ಲಿಂದ ತರೋದು? ಮನೇಲಿ ಯಾರಾದ್ರೂ ದಿನಾ ಗೊಣಗ್ತಾರಲ್ಲ, ಅದನ್ನ ಕಿವಿಗೊಟ್ಟು ಕೇಳಿ. ನಮ್ಮಪ್ಪ ಬೆಳಗ್ಗೆ ಮಾತ್ರೆ ತಗೊಂಡಿದೀನೋ ಇಲ್ವೋ ಅಂತ ಒಂಬತ್ತು ಗಂಟೆಗೆ ಅನುಮಾನ ಶುರು ಹಚ್ಕೊಳ್ತಿದ್ರು. ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಒಂದು ಪುಟ್ಟ ಆಯಸ್ಕಾಂತ, ಬದಿಗೆ ಆಯಸ್ಕಾಂತ ಹತ್ರ ಬಂದ್ರೆ ಆನ್ ಆಗೋ ರೀಡ್ ಸ್ವಿಚ್, ಒಂದು ಕೆಂಪು ಎಲ್‌ಇಡಿ. ಎಂಟಕ್ಕೆ ದೀಪ ಹತ್ಕೊಳ್ಳುತ್ತೆ, ಮುಚ್ಚಳ ತೆಗೆದ್ರೆ ಆರುತ್ತೆ. ಕೇಳೋಕೆ ಒಂದು ಸಂಜೆ ಕೆಲಸ, ನನಗೆ ಹಿಡಿದಿದ್ದು ತಿಂಗಳು. ಅಪ್ಪ ಒಂದಿನ ಬೇಗ ಎದ್ದು ಏಳಕ್ಕೇ ಮಾತ್ರೆ ತಗೊಂಡ್ರು, ಎಂಟಕ್ಕೆ ದೀಪ ಹತ್ತಿತು, ಇನ್ನೇನು ಎರಡನೇ ಸಲ ನುಂಗೋರಿದ್ರು. ಎದೆ ಧಸಕ್ ಅಂತು ನನಗೆ. ಅವತ್ತಿಂದ ಐದು ಗಂಟೆಯಿಂದಲೇ ಮುಚ್ಚಳದ ಲೆಕ್ಕ ಇಡ್ತೀನಿ. ಆಮೇಲೆ ಕರೆಂಟ್ ಹೋಗಿ ಬಂದ್ರೆ ಬೋರ್ಡಿಗೆ ಎಲ್ಲಾ ಮರೆತೋಗಿರೋದು, ತಗೊಂಡಿದ್ರೂ ದೀಪ ಉರೀತಿತ್ತು, ಹಾಗಾಗಿ "ತಗೊಂಡಾಯ್ತು" ಅನ್ನೋದನ್ನ ಕರೆಂಟ್ ಹೋದ್ರೂ ಮರೆಯದ ಮೆಮೊರಿಯಾದ ಇಇಪ್ರಾಮ್‌ನಲ್ಲಿ ಬರೆದಿಟ್ಟೆ. ಯೂನೊದ ಇಇಪ್ರಾಮ್ ಒಂದೊಂದು ಜಾಗಕ್ಕೆ 1 ಲಕ್ಷ ಸಲ ಬರೆಯೋವರೆಗೆ ಗ್ಯಾರಂಟಿ. ದಿನಕ್ಕೆ ಎರಡು ಸಲ ಅಂದ್ರೆ 130 ವರ್ಷದ ಮೇಲೆ. ಅದೇ ಯೋಚನೆ ಮಾಡ್ದೆ ಮತ್ತೆ ಮತ್ತೆ ಓಡೋ ಲೂಪ್ ಒಳಗೆ ನಿಲ್ಲದೆ ಬರೀತಾ ಹೋದ್ರೆ ಹತ್ತು ನಿಮಿಷದೊಳಗೇ ಆ ಲಕ್ಷ ಮುಗಿಯುತ್ತೆ, ಹುಷಾರು.

ಫ್ರಿಜ್ ಬಾಗಿಲು ಸರಿಯಾಗಿ ಹಾಕಲ್ಲ ಅನ್ನೋ ಗೊಣಗಾಟ ಇದ್ರೆ ಇನ್ನೂ ಸುಲಭ. ಎಂಟು ಕಾಲಿನ ಎಟಿಟೈನಿ85 ಚಿಪ್ಪು, ಬೆಳಕು ಬಿದ್ರೆ ರೆಸಿಸ್ಟೆನ್ಸ್ ಇಳಿಯೋ ಒಂದು ಎಲ್‌ಡಿಆರ್, ಒಂದು ಬಜರ್, ಒಂದು ಬಟನ್ ಸೆಲ್, ಒಳಗೇ ಇಟ್ಬಿಡಿ. ಬೆಳಕು ಒಂದು ನಿಮಿಷಕ್ಕಿಂತ ಜಾಸ್ತಿ ಇದ್ರೆ ಕಿರುಚ್ಬೇಕು. ನನಗೆ ಇದರಲ್ಲಿ ಇಷ್ಟ ಆಗಿದ್ದು ಏನಂದ್ರೆ, ಕತ್ತಲಲ್ಲಿ ಎಲ್‌ಡಿಆರ್ ರೆಸಿಸ್ಟೆನ್ಸ್ ಮೆಗಾಓಮ್‌ಗೆ ಏರೋದ್ರಿಂದ ಬಾಗಿಲು ಮುಚ್ಚಿದ್ದಷ್ಟು ಹೊತ್ತೂ ಅದರಲ್ಲಿ ಕರೆಂಟ್ ಹರಿಯೋದೇ ಇಲ್ಲ ಅನ್ನಬಹುದು, ಚಿಪ್ಪೂ ನಿದ್ದೆ, ಬೆಳಕೇ ಬಂದು ಎಬ್ಬಿಸುತ್ತೆ. ಇದನ್ನೇ ವೈಫೈ ಇರೋ ಇಎಸ್‌ಪಿ32 ಬೋರ್ಡಲ್ಲಿ ಮಾಡೋಕೆ ಹೋಗಿ ಕೈ ಸುಟ್ಕೊಂಡಿದೀನಿ. ಆ ಚಿಪ್ಪು ಗಾಢ ನಿದ್ದೆಯಲ್ಲಿ 10 ಮೈಕ್ರೋಆಂಪ್ ತಿನ್ನುತ್ತೆ ಅಂತ ಡೇಟಾಶೀಟ್ ಹೇಳೋದು ನಿಜಾನೇ, ಆದ್ರೆ ಬೋರ್ಡ್ ಮೇಲಿರೋ ಪವರ್ ದೀಪ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ಪು ಇವ್ಯಾವೂ ಮಲಗಲ್ಲ. ನನ್ನ ಬೋರ್ಡು ಮಲಗಿದ್ದಾಗಲೂ 10 ಮಿಲಿಆಂಪ್ ಎಳೀತಿತ್ತು, ಸಾವಿರ ಪಟ್ಟು! 2000 ಎಂಎಎಚ್ ಬ್ಯಾಟರಿ ಎಂಟು ದಿನಕ್ಕೆ ಮಲಗ್ತು. ಕರೆಂಟ್ ಅಳೆಯೋ ಒಂದು ಮಲ್ಟಿಮೀಟರ್ ತಗೊಳ್ಳಿ ದಯವಿಟ್ಟು, ಹತ್ತು ಸೆನ್ಸರ್ ತಗೊಳ್ಳೋ ದುಡ್ಡಲ್ಲಿ.

ಸೆನ್ಸರ್ ಅಂದಾಗ ನೆನಪಾಯ್ತು. ಎಂಕ್ಯೂ135 ಅನ್ನೋ ಗಾಳಿ ನೋಡೋ ಸೆನ್ಸರ್ ಹಾಕಿ ಪರದೆ ಮೇಲೆ "ಕಾರ್ಬನ್ ಡೈಆಕ್ಸೈಡ್ ಇಷ್ಟು ಪಿಪಿಎಂ" (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಅಂತ ತೋರಿಸೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಅದು ಬಿಸಿ ಮಾಡಿದ ಲೋಹದ ಆಕ್ಸೈಡು, ಅಮೋನಿಯಾಕ್ಕೂ ಅಲುಗುತ್ತೆ, ಆಲ್ಕೋಹಾಲಿಗೂ ಅಲುಗುತ್ತೆ, ಹೊಗೆಗೂ ಅಲುಗುತ್ತೆ. "ಗಾಳಿ ಕೆಟ್ಟಿದೆ" ಅಂತ ಬರೀರಿ, ಒಪ್ಕೊತೀನಿ, ನಂಬರ್ ಬರೀಬೇಡಿ. ಮಣ್ಣಿನ ತೇವ ನೋಡೋ ಎರಡು ಕಾಲಿನ ಅಗ್ಗದ ಸೆನ್ಸರೂ ಅಷ್ಟೇ, ಸದಾ ಕರೆಂಟ್ ಕೊಟ್ಟಿಟ್ರೆ ವಾರಗಳಲ್ಲಿ ತಾಮ್ರ ಕರಗಿ ಹೋಗುತ್ತೆ, ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ತಗೊಳ್ಳಿ.

ವಾಷಿಂಗ್ ಮೆಷೀನ್ ಮುಗಿದಿದ್ದು ಗೊತ್ತಾಗೋ ಹಾಗೆ ಅಲುಗಾಟದ ಸೆನ್ಸರ್ ಒಂದು ಮಾಡ್ಬಹುದು, ಮಧ್ಯೆ ಬಟ್ಟೆ ನೆನೆಸೋಕೆ ನಿಲ್ಲುತ್ತಲ್ಲ, ಅದನ್ನೇ ಮುಗೀತು ಅನ್ಕೊಂಡು ಕೂಗದಿರೋ ಹಾಗೆ ನೋಡ್ಕೊಳ್ಳಿ. ದಿನಾ ಒಂದೇ ವಾಕ್ಯ ನೂರು ಸಲ ಟೈಪ್ ಮಾಡೋರು ರಾಸ್ಪ್‌ಬೆರಿ ಪೈ ಪಿಕೊ ಅನ್ನೋ ಪುಟ್ಟ ಬೋರ್ಡಿಗೆ ನಾಲ್ಕು ಗುಂಡಿ ಹಚ್ಚಿ, ಕಂಪ್ಯೂಟರಿಗೆ ಅದು ಕೀಬೋರ್ಡ್ ಥರಾನೇ ಕಾಣುತ್ತೆ, ಒಂದು ಒತ್ತಿದ್ರೆ ಇಡೀ ವಾಕ್ಯ. ವೈಫೈ ಬೇಕಾಗೋದನ್ನ ಸ್ವಲ್ಪ ದಿನ ದೂರ ಇಡಿ, ರೌಟರ್ ಆಫ್ ಆಗಿ ಆನ್ ಆದ್ಮೇಲೆ ಬೋರ್ಡು ತಾನೇ ವಾಪಸ್ ಸೇರ್ಕೊಳ್ಳೋ ಹಾಗೆ ಬರೆಯೋದೇ ಒಂದು ಪ್ರತ್ಯೇಕ ತಪಸ್ಸು.

ಯಾವ ಬೋರ್ಡ್ ಅನ್ನೋ ಜಗಳಕ್ಕೆ ನಾನಂತೂ ಬರಲ್ಲ. ಯೂನೊದ ರ್‍ಯಾಮ್ 2 ಕೆಬಿ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕಾಗೋದ್ರಿಂದ ಈ ಪೋಸ್ಟಿನ ಮೊದಲೆರಡು ಪ್ಯಾರಾನೂ ಅದರಲ್ಲಿ ಹಿಡಿಸಲ್ಲ. ಆದ್ರೂ ಅಪ್ಪನ ಮಾತ್ರೆ ಲೆಕ್ಕಕ್ಕೆ ಅದರ ಹತ್ತನೇ ಒಂದು ಪಾಲೂ ಖರ್ಚಾಗಿಲ್ಲ. ಕೈಲಿರೋದ್ರಲ್ಲೇ ಶುರು ಮಾಡಿ.

ಮೊನ್ನೆ ಆ ಡಬ್ಬಿಯ ಒಂದು ತಂತಿ ಸೋಲ್ಡರ್ ಬಿಟ್ಟಿತ್ತು ಅಂತ ರಾತ್ರಿ ರೂಮಿಗೆ ಎತ್ಕೊಂಡು ಹೋಗಿ ಅಲ್ಲೇ ಮರೆತಿದ್ದೆ. ಬೆಳಗ್ಗೆ ಎಂಟೂ ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು. ತೆಗೆದ್ರೆ ಅಪ್ಪ, ಒಂದು ಕೈಯಲ್ಲಿ ನೀರಿನ ಲೋಟ. "ಎಲ್ಲೋ ಅದು?"