ಬಿಳಿಯಾನೆಯ ಮಾರ್ಚ್ ಎಂಡು

ಬೇಸ್‌ಬಾಲ್‌ನ ಹಣಕಾಸು ನನಗೆ ಅರ್ಥವಾದದ್ದು ಹಾಸನದ ನಮ್ಮ ಭಾವನಿಂದ. ಇಪ್ಪತ್ತು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಆಟ ನೋಡುತ್ತೇನೆ, ಹಸಿರು ಟೋಪಿ ಹಾಕಿಕೊಂಡು ಕಿರುಚುತ್ತೇನೆ. ಆದರೂ 2024ರ ಡಿಸೆಂಬರಿನಲ್ಲಿ ನಮ್ಮ ಅಥ್ಲೆಟಿಕ್ಸ್ ತಂಡ ಮಾಡಿದ ಖರ್ಚು ನನ್ನ ತಲೆಗೆ ಹತ್ತಲೇ ಇಲ್ಲ. ಭಾವ ಸರ್ಕಾರಿ ಇಲಾಖೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ ನಿವೃತ್ತರಾದವರು. ಮಗಳ ಬಾಣಂತನಕ್ಕೆಂದು ಅಕ್ಕನ ಜೊತೆ ಫ್ರೀಮಾಂಟಿಗೆ ಬಂದಿದ್ದರು. ಬೇಸ್‌ಬಾಲ್ ಎಂದರೆ ಅವರ ಪಾಲಿಗೆ ಬರೀ ಫುಲ್‌ಟಾಸ್ ಹಾಕುವ ಕ್ರಿಕೆಟ್ಟು. ಅಷ್ಟೇ ಬಂಡವಾಳದಲ್ಲಿ ಅವರು ಕಾಫಿ ಆರುವುದರೊಳಗೆ ಕಡತ ವಿಲೇವಾರಿ ಮಾಡಿಬಿಟ್ಟರು.

ಕಡತದಲ್ಲಿದ್ದದ್ದು ಇಷ್ಟು. 2023ರಲ್ಲಿ ಆಡಿದ 162 ಪಂದ್ಯಗಳಲ್ಲಿ ಈ ತಂಡ 112 ಸೋತಿತ್ತು. ಮೂವತ್ತು ತಂಡಗಳಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದ ಪಟ್ಟಿ ಇದರದ್ದೇ. ಕೇಳಿದರೆ ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ ಅನ್ನುತ್ತಿದ್ದರು. ಇಂಗ್ಲಿಷಿನವರು ಅದಕ್ಕೆ ರೀಬಿಲ್ಡ್ ಅನ್ನುತ್ತಾರೆ, ನಾವು ಜೀರ್ಣೋದ್ಧಾರ ಅನ್ನಬಹುದು. ವ್ಯತ್ಯಾಸವಿಷ್ಟೇ, ನಮ್ಮೂರಿನಲ್ಲಿ ಜೀರ್ಣೋದ್ಧಾರಕ್ಕೆ ಮೊದಲು ವಿಗ್ರಹ ಮಾರುವುದಿಲ್ಲ. ಅಂಥ ತಂಡ ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಲೂಯಿಸ್ ಸೆವೆರಿನೊ ಎಂಬ ಪಿಚರ್‌ಗೆ, ಅಂದರೆ ನಮ್ಮ ಬೌಲರ್‌ನಂಥವನಿಗೆ, ಮೂರು ವರ್ಷಕ್ಕೆ 6.7 ಕೋಟಿ ಡಾಲರ್ ಬರೆದುಕೊಟ್ಟಿತು. ತಂಡದ ಇತಿಹಾಸದಲ್ಲೇ ಅದುವರೆಗಿನ ಅತಿ ದೊಡ್ಡ ಕರಾರು. ಹಿಂದಿನ ದಾಖಲೆ 2004ರಲ್ಲಿ ಎರಿಕ್ ಶಾವೇಜ್‌ಗೆ ಕೊಟ್ಟ 6.6 ಕೋಟಿಯದು. ಇಪ್ಪತ್ತು ವರ್ಷಕ್ಕೆ ಏರಿದ್ದು ಹತ್ತು ಲಕ್ಷ, ಅಂದರೆ ವರ್ಷಕ್ಕೆ ಐವತ್ತು ಸಾವಿರ. ಇಷ್ಟು ನಿಧಾನಕ್ಕೆ ಏರುವ ಬೆಲೆ ಬೇ ಏರಿಯಾದಲ್ಲಿ ಇನ್ನೊಂದನ್ನು ತೋರಿಸಿ, ಸೋನಾಮಸೂರಿ ಮೂಟೆ ತಂದು ನಿಮ್ಮ ಬಾಗಿಲಿಗೆ ಇಳಿಸುತ್ತೇನೆ.

ಅಲ್ಲಿಗೂ ನಿಲ್ಲಲಿಲ್ಲ. ಟ್ಯಾಂಪಾ ತಂಡದಿಂದ ಜೆಫ್ರಿ ಸ್ಪ್ರಿಂಗ್ಸ್ ಎಂಬ ಇನ್ನೊಬ್ಬ ಪಿಚರ್ ಬಂದ. ಜನವರಿಯಲ್ಲಿ ನಮ್ಮದೇ ಬ್ಯಾಟರ್ ಬ್ರೆಂಟ್ ರೂಕರ್‌ಗೆ ಐದು ವರ್ಷಕ್ಕೆ 6 ಕೋಟಿ, ಮಾರ್ಚಿನಲ್ಲಿ ಲಾರೆನ್ಸ್ ಬಟ್ಲರ್‌ಗೆ ಏಳು ವರ್ಷಕ್ಕೆ 6.55 ಕೋಟಿ. ಜಿಪುಣ ಸೋದರಮಾವ ಏಕಾಏಕಿ ಎಲ್ಲರಿಗೂ ರೇಷ್ಮೆ ಸೀರೆ ಹಂಚಿದರೆ ಮನೆಮಂದಿ ಮೊದಲು ಡಾಕ್ಟರಿಗೆ ಫೋನ್ ಮಾಡುತ್ತಾರಲ್ಲ, ನನ್ನ ಸ್ಥಿತಿಯೂ ಹಾಗೇ ಆಗಿತ್ತು.

"ಈ ದುಡ್ಡು ಯಾರ್ದಯ್ಯ?" ಎಂದು ಕೇಳಿದರು ಭಾವ.

"ಮಾಲೀಕರದು ಭಾವ. ಜಾನ್ ಫಿಶರ್ ಅಂತ. ಗ್ಯಾಪ್ ಬಟ್ಟೆ ಅಂಗಡಿ ಇದೆಯಲ್ಲ, ಅದನ್ನ ಶುರು ಮಾಡಿದವರ ಮಗ. 2005ರಲ್ಲಿ ಇನ್ನೊಬ್ಬರ ಜೊತೆ ಸೇರಿ 18 ಕೋಟಿ ಡಾಲರ್‌ಗೆ ತಂಡ ತಗೊಂಡ್ರು."

"ಅದಲ್ಲ ಕೇಳಿದ್ದು. ಈ ದುಡ್ಡು ಅವ್ರ ಜೇಬಿಂದೋ, ಎಲ್ಲಿಂದಾದ್ರೂ ಬರುತ್ತೋ?"

ಲೆಕ್ಕಾಧಿಕಾರಿಯ ಪ್ರಶ್ನೆ. ಬೇಸ್‌ಬಾಲ್‌ನಲ್ಲಿ ಐಪಿಎಲ್‌ನ ಹಾಗೆ ಪರ್ಸ್ ಇಲ್ಲ, ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಎಂಬ ಗಟ್ಟಿ ಮಿತಿಯೂ ಇಲ್ಲ, ಇಷ್ಟಾದರೂ ಕೊಡಲೇಬೇಕು ಎಂಬ ನೇರ ನಿಯಮವೂ ಇಲ್ಲ. ಇರುವುದು ಒಂದು ಸಮಾನ ನಿಧಿ. ಪ್ರತಿ ತಂಡವೂ ತನ್ನ ಊರಿನ ನಿವ್ವಳ ಆದಾಯದಲ್ಲಿ ಶೇ 48ನ್ನು ಅದಕ್ಕೆ ಹಾಕಬೇಕು. ಆಮೇಲೆ ಆ ಮೊತ್ತ ಮೂವತ್ತು ತಂಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಶ್ರೀಮಂತರಿಂದ ಹೊರಟ ದುಡ್ಡು ಬಡ ತಂಡಗಳ ಕೈ ಸೇರುತ್ತದೆ. ಅಥ್ಲೆಟಿಕ್ಸ್‌ಗೆ ಹೀಗೆ ಬರುವುದು ಸುಮಾರು 7 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದಿದ್ದವು.

"ಓಹೋ, ಅನುದಾನ," ಎಂದು ಭಾವ ಕನ್ನಡಕ ಸರಿಮಾಡಿಕೊಂಡರು. "ಷರತ್ತೇನು?"

ಪಡೆದ ಹಣದ ಒಂದೂವರೆ ಪಟ್ಟು ಸಂಬಳದ ಪಟ್ಟಿಯಲ್ಲಿ ಕಾಣಬೇಕು, ಅಂದರೆ ಸುಮಾರು 10.5 ಕೋಟಿ ಡಾಲರ್. ಕಾಣದಿದ್ದರೆ ಆಟಗಾರರ ಸಂಘ ದೂರು ಕೊಡುತ್ತದೆ, ಆಗ ಹಣ ಎಲ್ಲಿ ಹೋಯಿತೆಂದು ತಂಡವೇ ಸಾಬೀತು ಮಾಡಬೇಕು. 2018ರಲ್ಲಿ ಹೀಗೇ ನಾಲ್ಕು ತಂಡಗಳ ಮೇಲೆ ದೂರು ಬಿದ್ದಿತ್ತು, ಅದರಲ್ಲಿ ನಮ್ಮವರೂ ಒಬ್ಬರು.

ಭಾವ ಲೋಟ ಕೆಳಗಿಟ್ಟರು. ಮುಖದಲ್ಲಿ ಇಪ್ಪತ್ತು ವರ್ಷ ಕಡಿಮೆಯಾಗಿತ್ತು.

"ಇದು ಮಾರ್ಚ್ ಎಂಡು ಕಣಯ್ಯ!"

ಆಮೇಲೆ ಅರ್ಧ ಗಂಟೆ ನನಗೆ ಪಾಠ ನಡೆಯಿತು. ವರ್ಷವಿಡೀ ಕುರ್ಚಿಗೆ ಮೂರೇ ಕಾಲಿದ್ದರೂ ಕೇಳುವವರಿರುವುದಿಲ್ಲ. ಮಾರ್ಚ್ ಹದಿನೈದು ದಾಟಿತೋ, ಅನುದಾನ ವಾಪಸ್ ಹೋಗುತ್ತದೆಂದು ಇಡೀ ಕಚೇರಿಗೆ ಜ್ವರ ಬರುತ್ತದೆ. ಮೂವತ್ತೊಂದರ ರಾತ್ರಿಯೊಳಗೆ ಕಪಾಟು ಬರುತ್ತದೆ, ಪರದೆ ಬರುತ್ತದೆ, ಪೈಪಿಲ್ಲದ ಕಡೆ ನಲ್ಲಿ ಬರುತ್ತದೆ. ಬೇಕೋ ಬೇಡವೋ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ, ಬಳಕೆ ಪ್ರಮಾಣಪತ್ರಕ್ಕೆ ಸಹಿ ಬೀಳಬೇಕು. "ನಿಮ್ ಸೆವೆರಿನೊ ಪಾಪ ಒಳ್ಳೇ ಹುಡುಗನೇ ಇರ್ಬೋದು. ಆದ್ರೆ ಅವ್ನು ಪಿಚರ್ ಅಲ್ಲ, ಯುಟಿಲೈಸೇಶನ್ ಸರ್ಟಿಫಿಕೇಟು."

ನಾನು ಅಭಿಮಾನಿ, ಸುಮ್ಮನೆ ಒಪ್ಪಲಾದೀತೇ? ಈ ತಂಡದ ಲಾಂಛನ ಆನೆ ಎಂದೆ. 1902ರಲ್ಲಿ ಎದುರಾಳಿ ಮ್ಯಾನೇಜರ್ ಜಾನ್ ಮೆಗ್ರಾ ಇದನ್ನು ಬಿಳಿಯಾನೆ ಎಂದು ಮೂದಲಿಸಿದ. ಇದನ್ನು ಸಾಕಿ ಮಾಲೀಕ ಮುಳುಗುತ್ತಾನೆ ಎಂಬರ್ಥದಲ್ಲಿ. ನಮ್ಮ ಮ್ಯಾನೇಜರ್ ಕಾನಿ ಮ್ಯಾಕ್ ಬೇಜಾರು ಮಾಡಿಕೊಳ್ಳದೆ ಆನೆಯನ್ನೇ ಗುರುತಾಗಿ ಇಟ್ಟುಕೊಂಡ. ಇಂಥ ಸ್ವಾಭಿಮಾನದ ತಂಡ ಇದು! ಭಾವ ತಲೆದೂಗಿದರು. "ಬೈಗುಳಾನೇ ಬೋರ್ಡು ಮಾಡ್ಕೊಂಡಿದ್ದಾರೆ. ಪ್ರಾಮಾಣಿಕರು."

ಪ್ರಾಮಾಣಿಕತೆಗೆ ಪರಂಪರೆಯೂ ಇದೆ. 1914ರ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕಿರೀಟದ ಫೈನಲ್, ಸೋತದ್ದೇ ತಡ, ಅದೇ ಕಾನಿ ಮ್ಯಾಕ್ ಚಾಂಪಿಯನ್ ತಂಡವನ್ನು ಬಿಡಿ ಬಿಡಿಯಾಗಿ ಕಳಚಿದ. ಎರಡೇ ವರ್ಷದಲ್ಲಿ, 1916ರಲ್ಲಿ, 36 ಗೆಲುವು, 117 ಸೋಲು. 1920ರ ದಶಕದ ಕೊನೆಗೆ ಇನ್ನೊಂದು ಚಾಂಪಿಯನ್ ತಂಡ ಕಟ್ಟಿ, 1930ರ ದಶಕದಲ್ಲಿ ಅದನ್ನೂ ಮಾರಿದ. ತಂಡ ಫಿಲಡೆಲ್ಫಿಯಾದಿಂದ ಕ್ಯಾನ್ಸಸ್ ಸಿಟಿಗೆ, ಅಲ್ಲಿಂದ 1968ರಲ್ಲಿ ಓಕ್ಲೆಂಡಿಗೆ ಗಂಟುಮೂಟೆ ಕಟ್ಟಿತು. ಓಕ್ಲೆಂಡಿನಲ್ಲಿ 1972, 73, 74 ಸತತ ಮೂರು ವರ್ಷ ಚಾಂಪಿಯನ್. 1976ರಲ್ಲಿ ಮಾಲೀಕ ಚಾರ್ಲಿ ಫಿನ್ಲಿ ಮೂವರು ತಾರೆಗಳನ್ನು ಒಟ್ಟು 35 ಲಕ್ಷ ಡಾಲರ್‌ಗೆ ಬಾಸ್ಟನ್‌ಗೂ ನ್ಯೂಯಾರ್ಕ್‌ಗೂ ಮಾರಲು ಹೊರಟ. ಇದು ಆಟದ ಹಿತಕ್ಕೆ ವಿರುದ್ಧ ಎಂದು ಕಮಿಷನರ್ ಬೋವಿ ಕೂನ್ ಮಾರಾಟವನ್ನೇ ರದ್ದು ಮಾಡಬೇಕಾಯಿತು. ಫಿನ್ಲಿ ಒಂದು ಹೇಸರಗತ್ತೆ ಸಾಕಿ, ಅದಕ್ಕೆ ತನ್ನದೇ ಹೆಸರಿಟ್ಟು ಮೈದಾನದಲ್ಲಿ ಮೆರವಣಿಗೆ ಮಾಡಿಸುತ್ತಿದ್ದ. ತಂಡದಲ್ಲಿ ಮಾರಾಟದ ಭಯವಿಲ್ಲದೆ ಮೇಯುತ್ತಿದ್ದದ್ದು ಅದೊಂದೇ ಇರಬೇಕು.

ಈಗಿನವರು ಮಾರಾಟವನ್ನು ಇನ್ನೂ ನಯ ಮಾಡಿದ್ದಾರೆ. 2020ರ ಕೊನೆಗೆ ಮಾರ್ಕಸ್ ಸೆಮಿಯೆನ್ ಎಂಬ ಊರಿನ ಹುಡುಗನನ್ನು ಉಳಿಸಿಕೊಳ್ಳಲು 1.25 ಕೋಟಿ ಡಾಲರ್ ಕೊಡುತ್ತೇವೆ ಎಂದರಂತೆ. ವರದಿಗಳ ಪ್ರಕಾರ ಅದರಲ್ಲಿ ಒಂದು ಕೋಟಿಯನ್ನು ವರ್ಷಕ್ಕೆ ಹತ್ತು ಲಕ್ಷದಂತೆ ಹತ್ತು ಕಂತಿನಲ್ಲಿ! ಫ್ರಿಜ್ ಕೊಳ್ಳುವಾಗ ಕೂಡ ಹತ್ತು ವರ್ಷದ ಕಂತು ಯಾರೂ ಕೇಳುವುದಿಲ್ಲ. ಆತ ಟೊರಾಂಟೊಗೆ ಹೋಗಿ ಮರುವರ್ಷ 45 ಹೋಮ್‌ರನ್, ನಮ್ಮ ಲೆಕ್ಕದಲ್ಲಿ ಸಿಕ್ಸರ್, ಬಾರಿಸಿದ. ಮ್ಯಾಟ್ ಓಲ್ಸನ್‌ನನ್ನು 2022ರ ಮಾರ್ಚಿನಲ್ಲಿ ಅಟ್ಲಾಂಟಾಕ್ಕೆ ಕೊಟ್ಟರು. ನಾವು 112 ಪಂದ್ಯ ಸೋಲುತ್ತಿದ್ದ ವರ್ಷವೇ ಆತ ಅಲ್ಲಿ 54 ಹೋಮ್‌ರನ್ ಹೊಡೆದ, ಅಮೆರಿಕಕ್ಕೇ ಮೊದಲಿಗ. ಕೊರೊನಾ ಕಾಲದಲ್ಲಿ ಕಿರಿಯ ಆಟಗಾರರಿಗೆ ವಾರಕ್ಕೆ ಕೊಡುತ್ತಿದ್ದ 400 ಡಾಲರ್ ಭತ್ಯೆಯನ್ನೇ ನಿಲ್ಲಿಸುತ್ತೇವೆ ಎಂದು ಸಾರಿ, ಜನ ಉಗಿದ ಮೇಲೆ ಕ್ಷಮೆ ಕೇಳಿ ಮತ್ತೆ ಶುರು ಮಾಡಿದ್ದರು. ಕಾಸಿಗೆ ತಕ್ಕ ಕಜ್ಜಾಯ ಅನ್ನುತ್ತಾರೆ. ಇವರು ಕಜ್ಜಾಯದ ಅಂಗಡಿ ಇಟ್ಟುಕೊಂಡೇ ಬಾಣಲೆ ಮಾರಿದವರು.

ಮನೆಯ ವಿಷಯ ಇನ್ನೂ ಸೊಗಸು. ಸ್ಟೇಡಿಯಂ ಹಳೆಯದಾಯಿತು, ಹೊಸದು ಬೇಕು ಎಂಬ ಮಾತು ಸುಳ್ಳಲ್ಲ. ಓಕ್ಲೆಂಡ್ ಕಾಲಿಸಿಯಂನಲ್ಲಿ 2013ರಲ್ಲಿ ಚರಂಡಿ ನೀರು ಡ್ರೆಸ್ಸಿಂಗ್ ರೂಮಿಗೇ ನುಗ್ಗಿತ್ತು, ಹತ್ತು ವರ್ಷದ ಮೇಲೆ ಕಾಮೆಂಟರಿ ಕೋಣೆಯಲ್ಲಿ ಪಾಸಮ್ ಎಂಬ ಹೆಗ್ಗಣದಂಥ ಪ್ರಾಣಿ ಸಂಸಾರ ಹೂಡಿತ್ತು. ಆದರೆ ಹೊಸ ಮನೆ ಹುಡುಕಿದ ರೀತಿ ಇದೆಯಲ್ಲ, ಅದು ಹೆಣ್ಣು ನೋಡುವ ಶಾಸ್ತ್ರ. 2006ರಲ್ಲಿ ನಮ್ಮ ಫ್ರೀಮಾಂಟಿಗೇ ಬಂದರು. ಉಪ್ಪಿಟ್ಟು ಕೇಸರಿಬಾತು ತಿಂದರು. 2009ರಲ್ಲಿ ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದರು. ಆಮೇಲೆ ಸ್ಯಾನ್ ಹೋಸೆಯಲ್ಲಿ ಉಪ್ಪಿಟ್ಟು. ಅದು ನಮ್ಮ ಸೀಮೆ ಎಂದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದವರು ಅಡ್ಡ ಬಂದರು. ಆಮೇಲೆ ಓಕ್ಲೆಂಡಿನ ಬಂದರಿನ ಹತ್ತಿರ ಉಪ್ಪಿಟ್ಟು. ಕಡೆಗೆ ತಾಳಿ ಕಟ್ಟುತ್ತೇವೆಂದು ಒಪ್ಪಿದ್ದು ಲಾಸ್ ವೇಗಾಸ್‌ಗೆ, ಅದೂ ನೆವಾಡಾ ಸರ್ಕಾರ 38 ಕೋಟಿ ಡಾಲರ್ ವರದಕ್ಷಿಣೆ ಕೊಡುತ್ತೇನೆ ಎಂದ ಮೇಲೆ. ಶಾಲೆಗಳ ದುಡ್ಡಿಗೆ ಆದ್ಯತೆ ಕೊಡಿ, ಇದನ್ನು ಜನಮತಕ್ಕೆ ಹಾಕಿ ಎಂದು ಅಲ್ಲಿನ ಶಿಕ್ಷಕರ ಸಂಘ ಕೋರ್ಟಿಗೆ ಹೋಯಿತು, ಗೆಲ್ಲಲಿಲ್ಲ.

2024ರ ಸೆಪ್ಟೆಂಬರ್ 26ರಂದು ಓಕ್ಲೆಂಡಿನ ಕೊನೆಯ ಪಂದ್ಯಕ್ಕೆ 46,889 ಜನ ಬಂದಿದ್ದರು. ತಂಡ ಗೆದ್ದಿತು ಕೂಡ. ಅದರ ಮೇಲೆ ನಾನು ತಮಾಷೆ ಮಾಡುವುದಿಲ್ಲ.

ವೇಗಾಸ್‌ನ ಮನೆ ಏಳುವುದು 2028ಕ್ಕೆ. ಅಲ್ಲಿಯವರೆಗೆ ಸ್ಯಾಕ್ರಮೆಂಟೊದ ಒಂದು ಪುಟ್ಟ ಮೈದಾನದಲ್ಲಿ ಬಿಡಾರ. ಹದಿನಾಲ್ಕು ಸಾವಿರ ಜನ ಹಿಡಿಸುವ ಜಾಗ, ಅದರಲ್ಲಿ ಹುಲ್ಲಿನ ಮೇಲೆ ಕೂರುವವರೂ ಸೇರಿ. ಅದು ಯಾರ ಮನೆ ಅಂದುಕೊಂಡಿರಿ? ಅಡ್ಡ ಬಂದರಲ್ಲ ಜೈಂಟ್ಸ್, ಅವರ ಕಿರಿಯ ತಂಡ ರಿವರ್ ಕ್ಯಾಟ್ಸ್ ಆಡುವ ಮನೆ. ಪಾಲುದಾರಿಕೆಯಲ್ಲಿ ಜಗಳವಾಡಿದ ದಾಯಾದಿಯ ಮಗನ ರೂಮಿನಲ್ಲಿ ಹಾಸಿಗೆ ಹಾಸಿದ ಹಾಗೆ. ಬಾಡಿಗೆಯೂ ಇಲ್ಲವಂತೆ. ಜಾಗ ಕೊಟ್ಟ ವಿವೇಕ್ ರಣದಿವೆ ಮುಂಬೈಯಲ್ಲಿ ಹುಟ್ಟಿದವರು ಎಂದು ಕೇಳಿ ಭಾವ, "ಅದಕ್ಕೇ ಬಾಡಿಗೆ ಕೇಳಿಲ್ಲ, ದಾಕ್ಷಿಣ್ಯ ಜಾಸ್ತಿ ನಮ್ಮೋರಿಗೆ," ಎಂದು ತೀರ್ಪು ಕೊಟ್ಟರು. ಇದನ್ನು ಪ್ರಕಟಿಸಿದ ದಿನ ಫಿಶರ್ ಉತ್ಸಾಹದಿಂದ, ಇಷ್ಟು ಆಪ್ತವಾದ ಮೈದಾನದಲ್ಲಿ ನಮ್ಮವರೋ ಆರನ್ ಜಡ್ಜ್‌ನಂಥವರೋ ಹೋಮ್‌ರನ್ ಹೊಡೆಯುವುದನ್ನು ಕಣ್ತುಂಬ ನೋಡಬಹುದು ಎಂದರು. ಜಡ್ಜ್ ಆಡುವುದು ನ್ಯೂಯಾರ್ಕ್ ಯಾಂಕೀಸ್‌ಗೆ. ಮದುವೆ ಮನೆಯ ಯಜಮಾನನೇ ಎದುರು ಬೀದಿ ಛತ್ರದ ಊಟ ಹೊಗಳಿದಂತಾಯಿತು. ಯಜಮಾನರ ಮಾತು ಹುಸಿಯಾಗಲಿಲ್ಲ, 2025ರ ಮಾರ್ಚ್ 31ರಂದು ಅಲ್ಲಿ ನಡೆದ ಮೊದಲ ಪಂದ್ಯವನ್ನು ಶಿಕಾಗೊ ಕಬ್ಸ್ 18-3ರಿಂದ ಗೆದ್ದರು. ತಾರೀಖು ನೋಡಿ ಭಾವನಿಗೆ ಆದ ಆನಂದ ಹೇಳತೀರದು. ಮಾರ್ಚ್ 31!

ಏಪ್ರಿಲಿನಲ್ಲಿ ಪುಳಿಯೋಗರೆ ಕಟ್ಟಿಕೊಂಡು ಅವರನ್ನು ಅಲ್ಲಿಗೆ ಕರೆದೊಯ್ದೆ. ಹುಲ್ಲಿನ ದಿಬ್ಬದ ಮೇಲೆ ಟವೆಲ್ ಹಾಸಿ ಕೂತರು, ಹಾಸನದ ಕ್ರೀಡಾಂಗಣದಂತೆಯೇ ಇದೆ ಎಂದು ಖುಷಿಪಟ್ಟರು. ಆಟಗಾರರ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊ ಬಿಲ್ಲೆ, ಇನ್ನೊಂದರ ಮೇಲೆ ಲಾಸ್ ವೇಗಾಸ್ ಬಿಲ್ಲೆ. ತಂಡದ ಹೆಸರಿನಲ್ಲಿ ಮಾತ್ರ ಊರೇ ಇಲ್ಲ, ಬರೀ ಅಥ್ಲೆಟಿಕ್ಸ್.

"ಊರ್ಯಾವ್ದು ಹಾಗಾದ್ರೆ ಇವ್ರದ್ದು?"

"ಸದ್ಯಕ್ಕೆ ಯಾವ್ದೂ ಇಲ್ಲ ಭಾವ."

"ಖಾಯಂ ವಿಳಾಸ ಇಲ್ದೆ ಅನುದಾನ ಹೆಂಗೆ ಮಂಜೂರಾಯ್ತು?"

ಅದಕ್ಕೂ ಉತ್ತರವಿತ್ತು. ಹೊಸ ಸ್ಟೇಡಿಯಂಗೆ 2024ರ ಜನವರಿ 15ರೊಳಗೆ ಗಟ್ಟಿ ಒಪ್ಪಂದ ಮಾಡಿಕೊಂಡರೆ ಮಾತ್ರ ನಿಧಿಯ ಪಾಲು ಮುಂದುವರಿಯುತ್ತದೆ ಎಂದು ಲೀಗ್ ಮತ್ತು ಆಟಗಾರರ ಸಂಘದ 2022ರ ಕರಾರಿನಲ್ಲೇ ಬರೆದಿತ್ತು. ಭಾವ ಪುಳಿಯೋಗರೆಯ ಕಡಲೆಬೀಜ ಹೆಕ್ಕುತ್ತಾ, ಕಟ್ಟಡಕ್ಕೆ ಮೊದಲೇ ಅಡಿಗಲ್ಲಿನ ಫೋಟೋ ಸಲ್ಲಿಸುವ ಪದ್ಧತಿ ಇಲ್ಲೂ ಇದೆ ಎಂದು ಸಮಾಧಾನಗೊಂಡರು. ಮೇ ತಿಂಗಳಲ್ಲಿ ಹಸಿರು ಟೋಪಿ ಹಾಕಿಕೊಂಡೇ ವಿಮಾನ ಹತ್ತಿದರು.

ಈಗ ಫೋನಿನಲ್ಲಿ ವಿಚಾರಿಸುತ್ತಾರೆ. ಸಂಕಟವೆಂದರೆ ಹುಡುಗರು ಚೆನ್ನಾಗಿ ಆಡತೊಡಗಿದ್ದರು. 50 ಗೆಲುವಿದ್ದದ್ದು 69 ಆಗಿ, 2025ಕ್ಕೆ 76 ಆಯಿತು. ಜುಲೈ 25ರಂದು ನಿಕ್ ಕರ್ಟ್ಜ್ ಎಂಬ ಹೊಸಬ ಹ್ಯೂಸ್ಟನ್‌ನಲ್ಲಿ ಒಂದೇ ಪಂದ್ಯಕ್ಕೆ ನಾಲ್ಕು ಹೋಮ್‌ರನ್ ಬಾರಿಸಿದ. ಜೀರ್ಣೋದ್ಧಾರ ನಿಜವಾಗಿಯೂ ಮುಗಿಯಿತೇನೋ ಎಂದು ಭಾವನಿಗೆ ಮಧ್ಯರಾತ್ರಿಯಲ್ಲಿ ಫೋನು ಮಾಡಿದೆ. ಆರು ದಿನಕ್ಕೆ ಸರಿಯಾಗಿ, ಗಂಟೆಗೆ ನೂರು ಮೈಲಿ ದಾಟಿ ಎಸೆಯುವ ಮೇಸನ್ ಮಿಲ್ಲರ್‌ನನ್ನು ಸ್ಯಾನ್ ಡಿಯೇಗೊಗೆ ಕೊಟ್ಟರು. ಬದಲಿಗೆ ಬಂದವರಲ್ಲಿ ಮುಖ್ಯನಾದವನಿಗೆ ಆಗಿನ್ನೂ ಹದಿನೆಂಟು ವರ್ಷ.

"ಸೆವೆರಿನೊ ಹೆಂಗೆ?"

ಹೊರಗಿನ ಮೈದಾನಗಳಲ್ಲಿ ಒಂಬತ್ತು ಇನ್ನಿಂಗ್ಸಿಗೆ ಸರಾಸರಿ ಮೂರು ರನ್ ಕೊಡುತ್ತಾನೆ, ಸ್ಯಾಕ್ರಮೆಂಟೊದಲ್ಲಿ ಆರು ಎಂದೆ. ಅಲ್ಲಿ ಆಡಿದರೆ ಸ್ಪ್ರಿಂಗ್ ಟ್ರೈನಿಂಗ್‌ನ ಅಭ್ಯಾಸ ಪಂದ್ಯದಂತಿರುತ್ತದೆ ಎಂದು ಅವನೇ ಹೇಳಿಕೊಂಡಿದ್ದಾನೆ.

ಆ ಕಡೆ ಸ್ವಲ್ಪ ಹೊತ್ತು ಮೌನ. ಬೆರಳು ಮಡಿಸುತ್ತಿದ್ದರೆಂದು ಕಾಣುತ್ತದೆ.

"ಅವ್ನ ಕರಾರು ಎಷ್ಟು ವರ್ಷದ್ದು ಅಂದೆ?"

"ಮೂರು ಭಾವ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು."

"ವೇಗಾಸ್ ಮನೆ ಗೃಹಪ್ರವೇಶ?"

"ಇಪ್ಪತ್ತೆಂಟು."

ಭಾವ ಎಷ್ಟು ಹೊತ್ತು ನಕ್ಕರೆಂದರೆ, ಏನಾಯಿತೋ ಎಂದು ಅಕ್ಕ ಫೋನು ಕಸಿದುಕೊಂಡಳು.