ಕೆರಟೋಕೋನಸ್‌ಗೆ ಹತ್ತು ನಿಮಿಷದ ಕ್ರಾಸ್‌ಲಿಂಕಿಂಗ್ ಸಾಕಾ?

ಪರ

ಮೊದಲು ಲೆಕ್ಕ ನೋಡೋಣ. ಕೆರಟೋಕೋನಸ್ ಬಂದರೆ ಕಣ್ಣಿನ ಮುಂದಿನ ಕಾರ್ನಿಯಾ ತೆಳ್ಳಗಾಗುತ್ತಾ ಮುಂದಕ್ಕೆ ಉಬ್ಬುತ್ತದೆ. ಅದನ್ನು ತಡೆಯಲು ಮೇಲಿನ ಪೊರೆ ತೆಗೆದು, ರೈಬೋಫ್ಲೇವಿನ್ (ಬಿ2 ವಿಟಮಿನ್) ಹನಿ ಹಾಕಿ, ಅಲ್ಟ್ರಾವಯೊಲೆಟ್ ಬೆಳಕು ಬಿಡುತ್ತಾರೆ. ಒಳಗಿನ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಕಾರ್ನಿಯಾ ಗಟ್ಟಿಯಾಗುತ್ತದೆ. ಇದೇ ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಹಳೆಯ ವಿಧಾನದಲ್ಲಿ ಬೆಳಕಿನ ಬಲ ಚದರ ಸೆಂಟಿಮೀಟರಿಗೆ 3 ಮಿಲಿವ್ಯಾಟ್, ಹೊತ್ತು 30 ನಿಮಿಷ. ವೇಗದ ವಿಧಾನದಲ್ಲಿ 9 ಮಿಲಿವ್ಯಾಟ್, 10 ನಿಮಿಷ. ಗುಣಿಸಿ ನೋಡಿ. ಎರಡೂ ಕಡೆ 5.4 ಜೂಲ್. ಕಣ್ಣಿಗೆ ಸಿಗುವುದು ಅಷ್ಟೇ ಶಕ್ತಿ ಅಂದಮೇಲೆ ಇಪ್ಪತ್ತು ನಿಮಿಷ ಸುಮ್ನೆ ಯಾಕೆ ಮಲಗಿಸಬೇಕು?

ಈ ಇಪ್ಪತ್ತು ನಿಮಿಷ ಸಣ್ಣದು ಅನ್ನುವವರು ನನ್ನ ತಂಗಿಯ ಮಗನನ್ನು ನೋಡಿಲ್ಲ. ಚಿತ್ರದುರ್ಗದ ಹುಡುಗ, ಆಗ ಪಿಯುಸಿ. ಧೂಳಿನ ಅಲರ್ಜಿ. ಬೇಸಿಗೆ ಬಂತೆಂದರೆ ಮುಷ್ಟಿ ಕಟ್ಟಿ ಕಣ್ಣು ಉಜ್ಜುತ್ತಾ ಕೂರುತ್ತಿದ್ದ. ಸಿಲಿಂಡರ್ ಪವರ್ ಏರುತ್ತಲೇ ಇತ್ತು, ಕನ್ನಡಕ ಬದಲಾಗುತ್ತಲೇ ಇತ್ತು. ಓದೋ ಹುಡುಗ, ಮೊಬೈಲ್ ಜಾಸ್ತಿ ನೋಡ್ತಾನೆ ಅಂತ ಮನೆಯವರು ಬೈದುಕೊಂಡೇ ಇದ್ದರು. ಕೊನೆಗೆ ಬೆಂಗಳೂರಿನಲ್ಲಿ ಟೊಪೋಗ್ರಫಿ, ಅಂದರೆ ಕಾರ್ನಿಯಾದ ಉಬ್ಬುತಗ್ಗಿನ ನಕ್ಷೆ, ಮಾಡಿಸಿದಾಗ ವಿಷಯ ಗೊತ್ತಾಯಿತು. ಉಬ್ಬಿದ ಜಾಗ ಪರದೆ ಮೇಲೆ ಕೆಂಪಗೆ ಕಾಣುತ್ತಿತ್ತು.

ಅವನ ಅಜ್ಜಿ ಒಪ್ಪಲೇ ಇಲ್ಲ. 'ಎಳೆ ಕಣ್ಣಿನ ಪೊರೆ ಕೆರೀತಾರಂತೆ, ಬೇಡ ಕಣ್ರೇ' ಅಂತ ಊಟ ಬಿಟ್ಟು ಕೂತರು. ಹತ್ತು ನಿಮಿಷದ ಬೆಳಕಮ್ಮ ಅಂತ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು. ಅರ್ಧ ಗಂಟೆ ಅಂದಿದ್ದರೆ ಆ ಹುಡುಗ ಇವತ್ತಿಗೂ ಕಣ್ಣು ಉಜ್ಜಿಕೊಂಡೇ ಕೂತಿರುತ್ತಿದ್ದ. ರೆಪ್ಪೆ ಅಗಲಿಸಿಟ್ಟು ನೀಲಿ ಬೆಳಕನ್ನೇ ನೋಡು ಅಂದಾಗ ಕಣ್ಣು ಅತ್ತಿತ್ತ ಹೊರಳಿಸಬಾರದು. ಅಲರ್ಜಿ ಇರುವ ಮಕ್ಕಳಿಗೆ ಇದು ಸುಲಭವಲ್ಲ. ಹೊರಗೆ ಬಂದವನೇ 'ದೊಡ್ಡಮ್ಮ, ಆಗ್ಲೇ ಮುಗೀತಾ ಅನ್ನಿಸ್ತು' ಅಂದ. ಆ ರಾತ್ರಿ ನೋವು, ನೀರು, ಬೆಳಕು ಕಂಡರೆ ಆಗದು, ಎಲ್ಲಾ ಇತ್ತು. ಪೊರೆ ತೆಗೆದ ಜಾಗದ ಮೇಲೆ ಹಾಕಿದ್ದ ಬ್ಯಾಂಡೇಜ್ ಲೆನ್ಸನ್ನು ನಾಲ್ಕೈದು ದಿನಕ್ಕೆ ತೆಗೆದರು. ರಾತ್ರಿ ನಿದ್ದೆಗಣ್ಣಲ್ಲಿ ಉಜ್ಜಬಾರದು ಅಂತ ಅದೇ ಅಜ್ಜಿ ಪಕ್ಕದಲ್ಲೇ ಮಲಗಿ ಅವನ ಕೈ ಹಿಡಿದುಕೊಂಡಿದ್ದರು. ಹೋದ ನಂಬರ್ ವಾಪಸ್ ಬರಲಿಲ್ಲ, ಕನ್ನಡಕ ಇದ್ದೇ ಇದೆ. ಆದರೆ ಏರುವುದು ನಿಂತಿದೆ. ಬೇಕಾಗಿದ್ದೂ ಅದೇ ಅಲ್ವಾ?

ಒಂದು ಹುಡುಗನ ಕಥೆ ಸಾಲದು ಅನ್ನುವವರಿಗೆ ಬ್ರಿಟನ್ನಿನ ಕೆರಾಲಿಂಕ್ ಅಧ್ಯಯನವಿದೆ. 2021ರಲ್ಲಿ ಪ್ರಕಟವಾಯಿತು. 10ರಿಂದ 16 ವರ್ಷದ 60 ಮಕ್ಕಳು. ಬಳಸಿದ್ದು ವೇಗದ ವಿಧಾನವನ್ನೇ. 18 ತಿಂಗಳ ಹೊತ್ತಿಗೆ ಕ್ರಾಸ್‌ಲಿಂಕಿಂಗ್ ಆದವರಲ್ಲಿ ಶೇ 7 ಮಂದಿಗೆ ಮಾತ್ರ ಕಾಯಿಲೆ ಮುಂದುವರಿದಿತ್ತು. ಬರೀ ಕನ್ನಡಕ, ಲೆನ್ಸಿನಲ್ಲಿ ಇದ್ದವರಲ್ಲಿ ಶೇ 43.

ವಿರೋಧಿಸುವವರು, ಬೆಳಕು ಜೋರಾದರೆ ಕಾರ್ನಿಯಾದಲ್ಲಿ ಆಮ್ಲಜನಕ ಸಾಲದು ಅಂತ ಕಥೆ ಹೇಳುತ್ತಾರೆ. ಲ್ಯಾಬಿನಲ್ಲಿ ಹಂದಿಯ ಕಾರ್ನಿಯಾ ಎಳೆದು ನೋಡಿದರಂತೆ, ವೇಗದ್ದು ಅಷ್ಟು ಗಟ್ಟಿ ಆಗಲಿಲ್ಲವಂತೆ. ಆಗದಿದ್ದರೆ ಬಿಡಲಿ. ನಮ್ಮ ಹುಡುಗ ಹಂದಿಯಲ್ಲ. ಸೌದೆ ಒಲೆಯ ಅನ್ನವೇ ಅನ್ನ ಅನ್ನುವವರ ಜೊತೆ ಎಷ್ಟು ವಾದ ಮಾಡೋದು?

ವಿರೋಧ

ನಾನು ಆಪ್ಟೋಮೆಟ್ರಿಸ್ಟ್, ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರ್ ಕೊಡುವವರು. ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. 9 ಮಿಲಿವ್ಯಾಟಿನ ಬಗ್ಗೆ ನನಗೆ ಅಂಥ ಜಗಳವೇನಿಲ್ಲ. ಆದರೆ ವೇಗದ ವಿಧಾನ ಅಂದರೆ ಅದೊಂದೇ ಅಲ್ಲ. 18 ಮಿಲಿವ್ಯಾಟಿನಲ್ಲಿ 5 ನಿಮಿಷ, 30 ಮಿಲಿವ್ಯಾಟಿನಲ್ಲಿ 3 ನಿಮಿಷದ್ದೂ ಇದೆ. ಗುಣಿಸಿದರೆ ಎಲ್ಲವೂ 5.4 ಜೂಲೇ. ಹಾಗಾದರೆ ಎಲ್ಲದರ ಫಲವೂ ಒಂದೇ ಇರಬೇಕಿತ್ತು. ಇಲ್ಲ.

ಕಾರಣ ಆಮ್ಲಜನಕ. ರೈಬೋಫ್ಲೇವಿನ್‌ಗೆ ಬೆಳಕು ತಾಗಿದಾಗ ನಡೆಯುವ ಕ್ರಿಯೆಗೆ ಆಮ್ಲಜನಕ ಬೇಕು. ಬೆಳಕು ಜೋರಾದರೆ ಅದು ಬೇಗ ಖರ್ಚಾಗುತ್ತದೆ. ಹೊರಗಿನ ಗಾಳಿಯಿಂದ ಮತ್ತೆ ಒಳಗಿಳಿಯಲು ಹೊತ್ತು ಬೇಕು, ಆ ಹೊತ್ತನ್ನೇ ನಾವು ಉಳಿಸುತ್ತಿದ್ದೇವೆ. ಹಳೆಯ ವಿಧಾನದಲ್ಲಿ ಚಿಕಿತ್ಸೆಯ ಗುರುತು ಸುಮಾರು 300 ಮೈಕ್ರಾನ್ (0.3 ಮಿಲಿಮೀಟರ್) ಆಳದಲ್ಲಿ ಗೆರೆಯಾಗಿ ಕಾಣುತ್ತದೆ. ವೇಗ ಹೆಚ್ಚಿದಂತೆ ಆ ಗೆರೆ ಮೇಲಕ್ಕೆ ಬರುತ್ತದೆ. ಬೆಳಕನ್ನು ನಡುನಡುವೆ ನಿಲ್ಲಿಸಿ ಬಿಡುವ ಪಲ್ಸ್ ವಿಧಾನ ಹುಟ್ಟಿದ್ದೇ ಇದಕ್ಕೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ನಾಲ್ಕೂ ವಿಧಾನ ಹೋಲಿಸಿ 2015ರಲ್ಲಿ ಪ್ರಕಟಿಸಿದರು. 3 ನಿಮಿಷದ್ದೇ ಹಿಂದೆ ಬಿದ್ದಿತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಮೊದಲು ಒಪ್ಪಿಗೆ ಕೊಟ್ಟದ್ದೂ 30 ನಿಮಿಷದ್ದಕ್ಕೇ.

ಬ್ರಿಟನ್ನಿನ ಮಕ್ಕಳ ಅಧ್ಯಯನವನ್ನು ಎಲ್ಲರೂ ಎತ್ತುತ್ತಾರೆ. ಇರಲಿ, ಅದು ಬ್ರಿಟನ್ನಿನ ಮಾತು. ಅಲ್ಲಿ ನಮ್ಮ ಹೆದ್ದಾರಿ ಪಕ್ಕದ ಧೂಳಿಲ್ಲ.

ಇನ್ನು ಹೊತ್ತಿನ ಮಾತು. ಪೊರೆ ಎರಡರಲ್ಲೂ ತೆಗೆಯುತ್ತಾರೆ, ಹಾಗಾಗಿ ನೋವು ಎರಡರಲ್ಲೂ ಇದೆ. ಬೇಗ ಮುಗಿದರೆ ಆಪರೇಷನ್ ಥಿಯೇಟರಿಗೆ ಅನುಕೂಲ, ಒಂದೇ ಬೆಳಗ್ಗೆ ಹೆಚ್ಚು ಜನರನ್ನು ಮುಗಿಸಬಹುದು. ರೋಗಿಗೆ ಉಳಿಯುವುದು ಇಪ್ಪತ್ತು ನಿಮಿಷ. ಹೇಗೂ ಆಸ್ಪತ್ರೆಗೆ ಬಂದು ಹೋಗಲು ಅವರಿಗೆ ಒಂದು ದಿನ ಹೋಗಿರುತ್ತದೆ. ಮಾಡಿಸುವವರು ಎಷ್ಟು ಮಿಲಿವ್ಯಾಟ್, ಎಷ್ಟು ನಿಮಿಷ ಅಂತ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ. ಮುಂದೆ ಟೊಪೋಗ್ರಫಿಯಲ್ಲಿ ಉಬ್ಬು ಮತ್ತೆ ಏರಿದರೆ, ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.