ಸೊಳ್ಳೆ ಬತ್ತಿ

ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿಯಲ್ಲಿ ಎರಡು ರಾತ್ರಿಗೆ ಬಾಡಿಗೆ ಮನೆ ಹಿಡಿದಿದ್ದೆವು. ಮೊದಲ ದಿನ ಸಂಜೆ ಆರೂವರೆಗೆ ಜಗಲಿ ಮೇಲೆ ಕೂತು ಸೊಳ್ಳೆ ಬತ್ತಿ ಹಚ್ಚಿದೆ. ಎರಡು ನಿಮಿಷ ಆಗಿರಲಿಲ್ಲ, ಪಕ್ಕದ ಮನೆಯ ಅಮ್ಮ ಕೈಯಲ್ಲಿದ್ದ ಸೊಪ್ಪಿನ ಕಂತೆ ಅಲ್ಲೇ ಬಿಸಾಕಿ ಓಡಿ ಬಂದರು. ನಮಸ್ಕಾರ ಇಲ್ಲ, ಯಾವೂರು ಅನ್ನೋ ಮಾತಿಲ್ಲ. ಬತ್ತಿ ಕಿತ್ತುಕೊಂಡು ಬಕೆಟ್ ನೀರಿಗೆ ಅದ್ದಿದರು. ಚುಯ್ ಅಂತು. ಆಮೇಲೆ ಉಸಿರು ಬಿಟ್ಟು, "ಹುಳ ಐತೆ ಕಣಮ್ಮ" ಅಂದರು.

ನನಗೆ ಅರ್ಥ ಆಗಲಿಲ್ಲ. ಹುಳ ಇದ್ದರೆ ಬತ್ತಿ ಹಚ್ಚಬೇಕಲ್ವಾ?

ನಾವು ಕೂತಿದ್ದ ಜಗಲಿಯಿಂದ ಇಪ್ಪತ್ತು ಮಾರು ದೂರದಲ್ಲಿ ಅವರ ಹುಳುಮನೆ. ಒಳಗೆ ಐವತ್ತು ಸಾವಿರದ ಹತ್ತಿರ ರೇಷ್ಮೆ ಹುಳು. ಗಾಳಿ ಅದೇ ಕಡೆಗೆ ಬೀಸುತ್ತಿತ್ತು. ಸೊಳ್ಳೆ ಬತ್ತಿಯಲ್ಲಿರುವುದು ಕೀಟ ಕೊಲ್ಲುವ ಔಷಧಿ. ಸೊಳ್ಳೆಯೂ ಕೀಟ, ರೇಷ್ಮೆ ಹುಳುವೂ ಕೀಟ, ಬತ್ತಿಗೆ ಭೇದ ಗೊತ್ತಿಲ್ಲ. ಸ್ಪ್ರೇ, ಗೋಡೆಗೆ ಚುಚ್ಚುವ ಲಿಕ್ವಿಡ್, ಎಲ್ಲದರದ್ದೂ ಅದೇ ಕಥೆ. ನಮ್ಮ ಬ್ಯಾಗಿನಲ್ಲಿ ಮೂರೂ ಇದ್ದವು.

ಮನೆ ಬುಕ್ ಮಾಡಿದ ಆಪ್‌ನಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ. ಮಂಗಳೂರು ಹೆಂಚು, ಕೆಂಪು ನೆಲ, ಉಯ್ಯಾಲೆ, ವೈಫೈ, ನಾಯಿ ತರಬಹುದು, ಎಲ್ಲಾ ಇತ್ತು. "ನಿಶ್ಶಬ್ದ ಹಳ್ಳಿ, ಪೂರ್ತಿ ವಿಶ್ರಾಂತಿ" ಅಂತ ದಪ್ಪಕ್ಷರದಲ್ಲಿ ಬರೆದಿದ್ದರು. ಪಕ್ಕದಲ್ಲಿ ಹುಳುಮನೆ ಇದೆ, ಸೊಳ್ಳೆ ಬತ್ತಿ ಹಚ್ಚಬೇಡಿ ಅಂತ ಬರೆಯಲು ಎಷ್ಟು ಜಾಗ ಬೇಕಿತ್ತು?

ಹೋದ ಕಥೆ ಬೇಗ ಹೇಳಿಬಿಡುತ್ತೇನೆ. ಡಿಸೆಂಬರ್, ಶನಿವಾರ. ಬೆಳಗಿನ ಜಾವ ನಾಲ್ಕಕ್ಕೇ ಹೊರಡಿ, ರಸ್ತೆ ಖಾಲಿ ಇರುತ್ತೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದ್ದರು. ಆ ಮಾತು ಕೇಳಬೇಡಿ. ಶನಿವಾರ ನಾಲ್ಕು ಗಂಟೆಗೆ ಅರ್ಧ ಬೆಂಗಳೂರು ನಂದಿಬೆಟ್ಟದ ಸೂರ್ಯೋದಯಕ್ಕೆ ಹೊರಟಿರುತ್ತದೆ. ನಾವು ರಾಜಾಜಿನಗರದಿಂದ ಒಂಬತ್ತಕ್ಕೆ ಹೊರಟು, ಹೆಬ್ಬಾಳದಲ್ಲಿ ರೂಢಿಯಂತೆ ನಿಂತು, ದೇವನಹಳ್ಳಿಯಿಂದ ಬಲಕ್ಕೆ ವಿಜಯಪುರದ ರಸ್ತೆ ಹಿಡಿದೆವು. (ಮ್ಯಾಪಿನಲ್ಲಿ ಸುಮ್ನೆ ವಿಜಯಪುರ ಅಂತ ಹಾಕಿದರೆ ಬಿಜಾಪುರ ತೋರಿಸುತ್ತದೆ, ಐನೂರು ಕಿಲೋಮೀಟರು. ನನ್ನ ಮಗ ಹಾಗೇ ಹಾಕಿ ಸ್ವಲ್ಪ ಹೊತ್ತು ಗಾಬರಿಯಾಗಿದ್ದ.) ವಿಜಯಪುರ ದಾಟಿದ ಮೇಲೆ ಒಂದು ಕಡೆ ರಸ್ತೆ ತುಂಬ ರಾಗಿ ತೆನೆ ಹಾಸಿದ್ದರು. ನಮ್ಮವರು ಬ್ರೇಕ್ ಹಾಕಿ ನಿಂತರು. ಅಂಚಿನಲ್ಲಿ ನಿಂತಿದ್ದ ಹುಡುಗ, "ಯಾಕ್ ನಿಲ್ಲಿಸಿದ್ರಿ ಸಾರ್, ಮೇಲೇ ಹೋಗಿ" ಅಂದ. ನಮ್ಮ ಟೈರಿಗೂ ಒಂದಿಷ್ಟು ಕಣದ ಕೆಲಸ ಸಿಕ್ಕಿತು.

ಬತ್ತಿ ಆರಿಸಿದ ಅಮ್ಮ ಬೇರೆ ಯಾರೂ ಅಲ್ಲ, ನಾವಿದ್ದ ಮನೆಯ ಉಸ್ತುವಾರಿ ಅವರದೇ. ಆ ಜಾಗ ಮೊದಲು ಅವರ ಭಾವನವರ ಪಾಲಿಗೆ ಬಂದಿತ್ತಂತೆ. ಅವರು ಬೆಂಗಳೂರಿನ ಒಬ್ಬರಿಗೆ ಮಾರಿದರು, ಕೊಂಡವರು ಅಲ್ಲಿ "ಹಳ್ಳಿ ಮನೆ" ಕಟ್ಟಿಸಿದರು. ಗುಡಿಸುವುದು, ಒರೆಸುವುದು, ಹಾಸಿಗೆ ಬದಲಿಸುವುದು, ಮುದ್ದೆ ಕೇಳಿದವರಿಗೆ ಮುದ್ದೆ ಮಾಡಿಕೊಡುವುದು ಈ ಅಮ್ಮನ ಕೆಲಸ. ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿದ್ದಾರೆ. ಎಷ್ಟು ಅಂತ ಹೇಳಿದರು, ಇಲ್ಲಿ ಬರೆಯುವುದಿಲ್ಲ. ನಾವು ಎರಡು ರಾತ್ರಿಗೆ ಕೊಟ್ಟಿದ್ದು ಅದಕ್ಕಿಂತ ಜಾಸ್ತಿ.

ಮನೆಯವರು ತಮ್ಮ ತಮ್ಮಲ್ಲಿ ತೆಲುಗು, ಹಸುವಿನ ಜೊತೆಯೂ ತೆಲುಗು, ನಮ್ಮ ಜೊತೆ ಮಾತ್ರ ಕನ್ನಡ. ಆ ಕಡೆ ಅದು ಮಾಮೂಲು. ನನ್ನ ಮಗ ಎರಡು ದಿನದಲ್ಲಿ ಹಸುವಿನ ಅರ್ಧ ಭಾಷೆ ಕಲಿತ.

ಭಾನುವಾರ ಬೆಳಗ್ಗೆ ಹುಳು ತೋರಿಸಿ ಅಂತ ಕೇಳಿದೆ. ಹುಳುಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಒಂದು, ರೋಗ ತರುತ್ತಾರೆ ಅನ್ನೋ ಭಯ. ಇನ್ನೊಂದು, ದೃಷ್ಟಿ ಬೀಳುತ್ತೆ ಅನ್ನೋ ಭಯ. ಎರಡರಲ್ಲಿ ಯಾವುದು ದೊಡ್ಡದು ಅಂತ ನಾನು ಕೇಳಲಿಲ್ಲ. "ಸೆಂಟು ಹಾಕ್ಕೊಂಡಿದೀಯಾ?" ಅಂತ ಹತ್ತಿರ ಬಂದು ಮೂಸಿ ನೋಡಿ, ಕೊನೆಗೆ ಕಿಟಕಿ ಹತ್ತಿರ ನಿಲ್ಲಿಸಿದರು. ಕಿಟಕಿಗೆ ನೈಲಾನ್ ಪರದೆ, ಹುಳುವಿನ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಊಜಿ ನೊಣ ಒಳಗೆ ಹೋಗದಿರಲಿ ಅಂತ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ನಮ್ಮ ಏರಿಯಾದ ಕೆಲವು ನರ್ಸಿಂಗ್ ಹೋಮ್‌ಗಳಲ್ಲಿ ಇಷ್ಟು ಶುಚಿ ನಾನು ಕಂಡಿಲ್ಲ.

ಒಳಗೆ ಯಾರೋ ಮೊರದಲ್ಲಿ ಅಕ್ಕಿ ಕೇರುತ್ತಿದ್ದಾರೆ ಅಂದುಕೊಂಡೆ. ಯಾರೂ ಇರಲಿಲ್ಲ. ಅದು ಹುಳು ಸೊಪ್ಪು ತಿನ್ನುವ ಸದ್ದು. ಕಿರುಬೆರಳಿನಷ್ಟು ಉದ್ದದ ಬಿಳಿ ಹುಳುಗಳು, ಸಾಲು ಸಾಲು, ಎಲೆಯ ಅಂಚು ಹಿಡಿದು ಮೇಲಿಂದ ಕೆಳಗೆ, ಮತ್ತೆ ಮೇಲಿಂದ ಕೆಳಗೆ. ನಾನು ನೋಡುತ್ತಿದ್ದ ಒಂದು ಎಲೆ, ಅಂಗೈ ಅಗಲದ್ದು, ಮಾತು ಮುಗಿಯುವಷ್ಟರಲ್ಲಿ ನರ ಮಾತ್ರ ಉಳಿದಿತ್ತು.

ಅವರು ಸಾಕಿದ್ದು ನೂರು ಮೊಟ್ಟೆ. ಅಲ್ಲಿ ಮೊಟ್ಟೆ ಅಂದರೆ ಒಂದೇ ಮೊಟ್ಟೆ ಅಲ್ಲ, ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಯ ಲೆಕ್ಕ. ಮರಿ ಒಡೆದ ಮೇಲೆ ಗೂಡಿಗೆ ಹತ್ತುವ ತನಕ ಇಪ್ಪತ್ತೈದು ದಿನದ ಆಸುಪಾಸು. ನಡುವೆ ನಾಲ್ಕು ಸಲ ಹುಳು ಜ್ವರಕ್ಕೆ ಕೂರುತ್ತದೆ. ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಇರುವುದು. ನೂರು ಮೊಟ್ಟೆಗೆ ಒಂದು ಟನ್ನಿನ ಹತ್ತಿರ ಸೊಪ್ಪು ಬೇಕು, ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಆ ಒಂದು ವಾರದಲ್ಲೇ. ನಾವು ಹೋದಾಗ ಎದ್ದು ಐದು ದಿನ ಆಗಿತ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ (ನೂಲು ಬಿಡಲು ತಯಾರಾಗಿ), ಗೂಡು ಕಟ್ಟುವ ತಟ್ಟೆ ಚಂದ್ರಂಕಿಗೆ ಹೋಗಬೇಕಾದ ಹುಳು. ಅಂದರೆ ಸಾಲ, ಸೊಪ್ಪು, ಕೂಲಿ, ನಿದ್ದೆ, ಎಲ್ಲಾ ಹಾಕಿ ಆಗಿದೆ, ತೆಗೆಯುವುದು ಮಾತ್ರ ಬಾಕಿ. ಆ ಹೊತ್ತಿಗೆ ನಾನು ಹತ್ತು ರೂಪಾಯಿಯ ಬತ್ತಿ ಹಚ್ಚಿದ್ದೆ.

ಇದನ್ನೆಲ್ಲಾ ಯಾಕೆ ಬರೆಯುತ್ತಿದ್ದೇನೆ ಅಂದರೆ, ಆ "ನಿಶ್ಶಬ್ದ" ಅನ್ನೋ ಪದದ ಮೇಲೆ ನನಗೆ ಸಿಟ್ಟಿದೆ. ಬುಕ್ ಮಾಡುವಾಗ ಹಳೆಯ ರಿವ್ಯೂಗಳನ್ನು ಓದಿದ್ದೆ. ಬೆಳಗ್ಗೆ ಟ್ರ್ಯಾಕ್ಟರ್ ಸದ್ದು, ಒಂದು ಸ್ಟಾರ್ ಕಡಿಮೆ. ಸಗಣಿ ವಾಸನೆ, ಇನ್ನೊಂದು ಕಡಿಮೆ. ಐದಕ್ಕೇ ಯಾರೋ ಹಾಲಿನ ಕ್ಯಾನ್ ಬಡಿದರಂತೆ. ಡೈರಿಗೆ ಹಾಲು ಹಾಕುವವರು ಮತ್ತೆ ಎಷ್ಟು ಗಂಟೆಗೆ ಬಡಿಯಬೇಕಿತ್ತು? ಪೀಣ್ಯದ ಫ್ಯಾಕ್ಟರಿ ಒಳಗೆ ಮಂಚ ಹಾಕಿಸಿಕೊಂಡು ಮಲಗಿ, ಮೆಷಿನ್ ಸದ್ದು ಜಾಸ್ತಿ ಅಂತ ಯಾರಾದರೂ ಬರೀತಾರಾ? ನಾನೂ ಅಂಥವಳೇ ಆಗಿದ್ದೆ, ಇಲ್ಲ ಅನ್ನುವುದಿಲ್ಲ. ಹಳ್ಳಿ ಅಂದರೆ ಕೆಲಸ ಮುಗಿಸಿ ಸುಮ್ಮನೆ ಕೂತಿರುವ ಜಾಗ ಅಂತಲೇ ನನ್ನ ತಲೆಯಲ್ಲಿತ್ತು.

ನೀರಿನ ವಿಷಯ ಇನ್ನೂ ವಿಚಿತ್ರ. ಆ ಮನೆಯಿಂದ ಸ್ವಲ್ಪ ದೂರ ಇನ್ನೊಂದು ಕಾಟೇಜ್ ಕಟ್ಟುತ್ತಿದ್ದಾರೆ, ಈಜುಕೊಳ ಸಮೇತ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲದ ಜಿಲ್ಲೆ ಇದು. ಹುಳುವಿಗೆ ಸೊಪ್ಪು ಕೊಡುವ ಇಪ್ಪುನೇರಳೆಗೆ ಹನಿ ಹನಿ ಲೆಕ್ಕ ಹಾಕಿ ಬಿಡುತ್ತಾರೆ, ಪಕ್ಕದಲ್ಲೇ ನಮ್ಮ ಮಕ್ಕಳು ಮುಳುಗಿ ಏಳಲು ಒಂದು ಕೊಳ. ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಈಗ ನಿಂತಿರುವುದು ಎಚ್‌ಎನ್ ವ್ಯಾಲಿ ಯೋಜನೆಯ ನೀರು. ಹೆಬ್ಬಾಳ, ನಾಗವಾರ ಕಣಿವೆ ಕಡೆಯ ನಮ್ಮ ಕೊಳಚೆ ನೀರನ್ನೇ ಎರಡು ಹಂತ ಶುದ್ಧ ಮಾಡಿ ಪೈಪಿನಲ್ಲಿ ಕಳಿಸುವುದು. ಮೂರನೇ ಹಂತವೂ ಮಾಡಿ ಅಂತ ಅಲ್ಲಿಯವರು ವರ್ಷಗಳಿಂದ ಕೇಳುತ್ತಿದ್ದಾರೆ. ನಾವು ಸೋಮವಾರ ಬಕೆಟ್‌ಗಟ್ಟಲೆ ಚೆಲ್ಲಿದ್ದು ಅಲ್ಲಿಗೆ ಹೋಗಿ ನಿಂತಿರುತ್ತದೆ, ಶನಿವಾರ ನಾವೇ ಹೋಗಿ ಅದರ ದಡದಲ್ಲಿ ಸೆಲ್ಫಿ ತೆಗೆದು "ಪ್ರಕೃತಿಯ ಮಡಿಲು" ಅಂತ ಹಾಕುತ್ತೇವೆ. ನಾನೂ ಒಂದು ಹಾಕಿದ್ದೆ, ತೊಂಬತ್ತೆರಡು ಲೈಕ್ ಬಂದಿತ್ತು.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ನಾನು ಮತ್ತೆ ಹೋಗುತ್ತೇನೆ. ಹೊರಡುವ ದಿನ ಮಧ್ಯಾಹ್ನ ಆ ಅಮ್ಮ ಬಡಿಸಿದ ಹಿತಕಿದ ಬೇಳೆ ಸಾರು, ಇಬ್ಬನಿ ಬಿದ್ದು ಸೊಗಡು ಕಟ್ಟಿದ ಅವರೆಕಾಯಿಯದ್ದು, ಅದೊಂದಕ್ಕೇ ಹೋಗಬಹುದು. ನಮ್ಮವರು ಮೂರು ಮುದ್ದೆ ಹೊಡೆದು ವಾಪಸ್ ಬರುವಾಗ ಟೋಲ್ ತನಕ ಮಾತೇ ಆಡಲಿಲ್ಲ. ಆದರೆ ಬುಕ್ ಮಾಡುವಾಗ ಒಂದು ಫೋನ್ ಮಾಡಿ. ಮನೆ ನೋಡಿಕೊಳ್ಳುವವರಿಗೇ ಮಾಡಿ, ಬೆಂಗಳೂರಿನಲ್ಲಿ ಕೂತ ಮಾಲೀಕರಿಗಲ್ಲ. ಸುತ್ತ ಏನು ನಡೆದಿದೆ, ಹುಳ ಇದೆಯಾ, ದ್ರಾಕ್ಷಿಗೆ ಔಷಧಿ ಹೊಡೆಯುತ್ತಿದ್ದಾರಾ ಅಂತ ಕೇಳಿ. ಬತ್ತಿಯ ಬದಲು ಸೊಳ್ಳೆ ಪರದೆ ಒಯ್ಯಿರಿ.

ಹತ್ತು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬಂದಿದ್ದರು. ಎಪ್ಪತ್ತು ಕೆಜಿ ಚಿಲ್ಲರೆ. "ನಿನ್ ಬತ್ತಿ ಏನೂ ಮಾಡ್ಲಿಲ್ಲ ಬಿಡು" ಅಂತ ನಕ್ಕರು. ನನಗೆ ನಿಜವಾಗಿಯೂ ಹೊಟ್ಟೆ ತಣ್ಣಗಾಯಿತು. ಆ ಖುಷಿಯಲ್ಲಿ, ಆಪ್‌ನಲ್ಲಿ ನಿಮ್ಮ ಬಗ್ಗೆ ಚೆನ್ನಾಗಿ ಬರೆದು ಐದು ಸ್ಟಾರ್ ಹಾಕುತ್ತೇನೆ ಅಂದೆ.

"ಬ್ಯಾಡ ಕಣಮ್ಮ" ಅಂದರು. "ಹಾಕಿದ್ರೆ ಜನ ಜಾಸ್ತಿ ಬತ್ತಾರೆ. ಸಂಬಳ ಅಷ್ಟೇ."

ಆಪ್ ಇನ್ನೂ ಕೇಳುತ್ತಲೇ ಇದೆ, ನಿಮ್ಮ ವಾಸ್ತವ್ಯ ಹೇಗಿತ್ತು ಅಂತ. ನಿನ್ನೆ ಬಂದಿದ್ದು ನಾಲ್ಕನೇ ನೋಟಿಫಿಕೇಶನ್.